ರಂಗರಾಜುವಿನ ಡಬ್ಬಿಗೆ ನಾಲ್ಕು ಫ್ಯಾನು

ಹಾವಾದರೂ ಕಚ್ಚುವ ಮುಂಚೆ ಒಮ್ಮೆ ಬುಸ್ ಅನ್ನುತ್ತದೆ. ಉಪ್ಪಾರಹಳ್ಳಿಯಲ್ಲಿ ಪತ್ರಿಕೆ ಅಚ್ಚು ಹಾಕುವ ಅಂಗಡಿಯಿಟ್ಟಿದ್ದ ರಂಗರಾಜುವಿನ ಕಂಪ್ಯೂಟರಿಗೆ ಅಷ್ಟು ಮರ್ಯಾದೆಯೂ ಇರಲಿಲ್ಲ. ನಾದಿನಿ ಸ್ವರ್ಣಲತಾಳ ಲಗ್ನಪತ್ರಿಕೆ ಪ್ರಿಂಟರಿನಿಂದ ಮೆಲ್ಲಗೆ ಇಳಿದು ಬರುತ್ತಿತ್ತು. ಮೊದಲು ‘ಬೀರದೇವರು ಪ್ರಸನ್ನ’ ಬಂತು. ಆಮೇಲೆ ಹುಡುಗಿಯ ಹೆಸರು, ಅವಳ ಅಪ್ಪ ಅಮ್ಮನ ಹೆಸರು. ‘ಇವಳ ವಿವಾಹವನ್ನು’ ಅನ್ನುವಷ್ಟರಲ್ಲಿ ಟಪ್ ಎಂದು ಎಲ್ಲ ಆರಿಹೋಯಿತು. ಗುಬ್ಬಿ ಊರಿನ ಗಂಡು ಡಬ್ಬಿಯೊಳಗೇ ಉಳಿದುಬಿಟ್ಟ.

ಅದು ಎರಡು ಸಾವಿರದ ಆರನೇ ಇಸವಿಯ ವೈಶಾಖ. ಬಿಸಿಲಿಗೆ ತುಮಕೂರಿನ ಕಾಗೆಗಳೂ ಬಾಯಿ ಬಿಟ್ಟುಕೊಂಡು ಕೂತಿದ್ದವು. ರಂಗರಾಜು ಸಿಪಿಯು ಡಬ್ಬಿಯ ಮೇಲೆ ಕೈಯಿಟ್ಟ. ಜ್ವರ ಬಂದ ಮಗುವಿನ ಹಣೆಯ ಹಾಗಿತ್ತು.

ದೇವರ ರಕ್ಷೆ ಇಲ್ಲದ ಡಬ್ಬಿಯೂ ಅಲ್ಲ ಅದು. ಮಾವ ಚಿಕ್ಕಬೀರಯ್ಯ ಕುಣಿಗಲ್ ಕಡೆಯವರು, ಹುತ್ರಿದುರ್ಗದ ಮಗ್ಗುಲಿನ ಊರು. ಕಳೆದ ಅಮಾವಾಸ್ಯೆಗೆ ಮನೆದೇವರ ಅರಿಶಿನದ ದಾರ ತಂದು ತಾವೇ ನಿಂತು ಕಟ್ಟಿಸಿದ್ದರು. “ಹೊರಗೆ ಕಟ್ಟಿದ್ರೆ ಗಿರಾಕಿಗಳ ಕಣ್ಣು ಬೀಳ್ತದೆ. ಒಳಗೇ ಕಟ್ಟಿ ಅಳಿಯಂದ್ರೇ, ಗುಂಡಿಗೆ ಹತ್ರ” ಎಂದಿದ್ದರು. ಅಂಥ ರಕ್ಷೆ ಇದ್ದೂ ಈ ಗತಿ! ಅದೂ ಇಲ್ಲದಿದ್ದರೆ ಏನಾಗುತ್ತಿತ್ತೋ ಎಂದು ರಂಗರಾಜು ನಡುಗಿದ.

ನಡುಕಕ್ಕೆ ಇನ್ನೊಂದು ಕಾರಣವಿತ್ತು. ನಿಶ್ಚಿತಾರ್ಥದ ದಿನ ಎಲೆ ಮುಂದೆ ಕೂತಿದ್ದಾಗ ಮಾವ ಎಲ್ಲರೆದುರು ಕೇಳಿದ್ದರು: “ಆ ಡಬ್ಬಿ ಮುಂದೆ ಕೂತು ಟಕಟಕ ಅಂದ್ರೆ ಸಂಸಾರ ನಡೀತದಾ? ನನ್ ತಮ್ಮನ ಮಗ ವಸಂತನರಸಾಪುರದ ಪ್ಲಾಸ್ಟಿಕ್ ಬಿಂದಿಗೆ ಕಾರ್ಖಾನೇಲಿ ಸೂಪರ್‌ವೈಸರು. ಒಂದ್ ಮಾತು ಹೇಳ್ತೀನಿ, ಸೇರ್ಕೊಳಿ.” ರಂಗರಾಜುವಿಗೆ ರೋಷ ಉಕ್ಕಿತು. “ಲಗ್ನಪತ್ರಿಕೆ ನಾನೇ ಮಾಡ್ಕೊಡ್ತೀನಿ ಮಾವ. ಹೇಳಿದ ಹೊತ್ತಿಗೆ ಆಗ್ಲಿಲ್ಲಾಂದ್ರೆ ಅಂಗಡಿಗೆ ಬೀಗ ಹಾಕಿ ಬಿಂದಿಗೆ ಮಾಡೋಕೆ ಹೋಗ್ತೀನಿ. ಬೀರದೇವರಾಣೆ!”

ಆ ಹೇಳಿದ ಹೊತ್ತು ಇವತ್ತೇ. ಸಂಜೆ ನಾಲ್ಕಕ್ಕೆ ಮಾವ ಬರುವವರು. ಮೊದಲ ಪತ್ರಿಕೆ ದೀಪ ಹಚ್ಚುವ ಹೊತ್ತಿಗೆ ಊರಿನಲ್ಲಿ ದೇವರ ಪಾದದ ಮೇಲಿರಬೇಕು. ಅದಾದ ಮೇಲೇ ಉಳಿದವರಿಗೆ ಹಂಚುವುದು.

ರಂಗರಾಜುವಿಗೆ ಆ ಪುಟ್ಟ ಅಂಗಡಿಯೆಂದರೆ ಪ್ರಾಣ. ಯಾರದೋ ಮದುವೆ, ಯಾರದೋ ಗೃಹಪ್ರವೇಶ, ಯಾರದೋ ಮಗುವಿನ ನಾಮಕರಣ, ಊರಿನ ಶುಭವೆಲ್ಲ ತನ್ನ ಬೆರಳ ತುದಿಯನ್ನು ಮುಟ್ಟಿಯೇ ಮುಂದೆ ಹೋಗುತ್ತದೆ ಎಂಬ ಹಿಗ್ಗು ಅವನಿಗೆ. ಬಿಂದಿಗೆಯಲ್ಲಿ ಆ ಸುಖ ಎಲ್ಲಿಂದ ಬರಬೇಕು?

ಎದುರಿನ ರೇಡಿಯೋ ರಿಪೇರಿ ಅಂಗಡಿಯ ಲಕ್ಷ್ಮೀಕಾಂತ್ ಕರೆಯದೆಯೇ ಬಂದ. ಕಂಪ್ಯೂಟರನ್ನು ಮತ್ತೆ ಶುರುಮಾಡಿ, ಪರದೆಯ ಮೂಲೆಯಲ್ಲಿ ಶಾಖದ ಲೆಕ್ಕ ತೋರಿಸುವ ಕೆಂಪು ಅಂಕಿ ನೋಡಿ ಲೊಚಗುಟ್ಟಿದ. “ಎಪ್ಪತ್ತೆಂಟು! ಅಣ್ಣ, ಇದಕ್ಕೆ ಉಸಿರು ಕಟ್ತಾ ಇದೆ. ಹಿಂದ್ಗಡೆ ಒಂದು ಫ್ಯಾನ್ ಕೂರಿಸೋಣ.”

ಡಬ್ಬಿ ಬಿಚ್ಚಿದವನು ವೈರುಗಳ ಗೊಂಚಲಿನ ಸಂದಿಯಲ್ಲಿ ಅರಿಶಿನದ ದಾರ ಕಂಡೊಡನೆ ಸ್ಕ್ರೂಡ್ರೈವರ್ ಕೆಳಗಿಟ್ಟು, ಚಪ್ಪಲಿ ಕಳಚಿ, ಕೈ ಮುಗಿದ. “ಅಯ್ಯೋ, ದೇವರ ದಾರ! ಆ ಕಡೆ ನಾನು ಕೈ ಹಾಕಲ್ಲಪ್ಪ.” ಕಣ್ಣೂ ಹಾಕಲಿಲ್ಲ. ಹಿಂದೆ ಫ್ಯಾನು ಜೋಡಿಸಿದ. ಗಾಳಿ ಬಂತು, ಸದ್ದು ಬಂತು. ಅಂಕಿ ಎಪ್ಪತ್ತೆಂಟರಲ್ಲೇ ಇತ್ತು. ಸ್ವಲ್ಪ ಹೊತ್ತಿಗೆ ಟಪ್.

ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರು ಸದಾಶಿವಯ್ಯ ಪಂಚೆ ಎತ್ತಿ ಕಟ್ಟಿಕೊಂಡು ಒಳಗೆ ಬಂದರು. “ಏನಯ್ಯಾ ರಂಗರಾಜು, ಒಂಟಿ ಎತ್ತು ಕಟ್ಟಿ ಉಳ್ತೀಯಾ? ಮುಂದ್ಗಡೆ ಇನ್ನೊಂದು ಹಾಕ್ಸು.” ಹಾಕಿಸಿದ. ಎರಡು ಫ್ಯಾನೂ ಒಳಕ್ಕೇ ಊದತೊಡಗಿದವು. ಒಂದೇ ಬಾಗಿಲಲ್ಲಿ ಎದುರುಬದುರಾದ ಬೀಗರ ಹಾಗೆ ಗಾಳಿ ನಡುವೆ ಸಿಕ್ಕಿಕೊಂಡು ಯಾವ ಕಡೆಯೂ ಹೋಗಲಿಲ್ಲ. ಎಪ್ಪತ್ತೊಂಬತ್ತು.

“ಹಂಗಾದ್ರೆ ಪಕ್ಕದಲ್ಲಿ ಒಂದು” ಎಂದ ಲಕ್ಷ್ಮೀಕಾಂತ್. ತಗಡು ಕೊರೆದು ಮೂರನೆಯದನ್ನೂ ಕೂರಿಸಿದ. ಅಂಗಡಿ ರಾಗಿಮಿಲ್ಲಿನ ಹಾಗೆ ಮೊರೆಯಿತು. ಗೋಡೆಗೆ ಅಂಟಿಸಿದ್ದ ಮಾದರಿ ಪತ್ರಿಕೆಗಳು ಹಾರಿ ರಸ್ತೆಗೆ ಹೋದವು. ಜಗಲಿಯಲ್ಲಿ ಮಲ್ಲಿಗೆ ಕಟ್ಟುತ್ತಿದ್ದ ಹೊಂಬಾಳಮ್ಮನ ಬುಟ್ಟಿಯಿಂದ ಬಿಡಿ ಹೂವು ತೇಲಿ ಬಂದು ಡಬ್ಬಿಯೊಳಗೆ ಹೊಕ್ಕವು.

“ಲೋ ಲಕ್ಷ್ಮೀಕಾಂತ, ನನ್ ಹೂವೆಲ್ಲ ನುಂಗ್ತಲ್ಲೋ ನಿನ್ ಭೂತ!”

“ಶಕುನ ಚೆನ್ನಾಗಿದೆ ಬುಡಮ್ಮ, ಹೂವಿನ ಪ್ರಸಾದ!”

“ಪ್ರಸಾದ ಕೊಡೋದು ದೇವ್ರು ಕಣ್ಲಾ. ಇದು ಕಿತ್ಕೊಳ್ತಾ ಅದೆ!”

ಅಂಕಿ ಎಂಬತ್ತು. ಮೇಷ್ಟ್ರು ತಮ್ಮ ಮನೆಯ ಎತ್ತರದ ನಿಲ್ಲುವ ಫ್ಯಾನನ್ನೇ ಹೊತ್ತು ತಂದರು. ಅದರ ಸ್ವಿಚ್ಚು ಒತ್ತಿದ ಗಳಿಗೆಗೆ ಸರಿಯಾಗಿ ಇಡೀ ಬೀದಿಯ ಕರೆಂಟು ಹೋಯಿತು.

ರಂಗರಾಜು ಸ್ಟೂಲಿನ ಮೇಲೆ ಕುಸಿದ. ಕಣ್ಣ ಮುಂದೆ ಸಾಲುಸಾಲು ಬಿಂದಿಗೆಗಳು, ಕೆಂಪು, ಹಸಿರು, ನೀಲಿ. ಎಲ್ಲವೂ ಬಾಯಿ ತೆರೆದು “ಬಾ ಅಳಿಯ” ಎನ್ನುತ್ತಿದ್ದವು. ಮಧ್ಯಾಹ್ನದ ಮುದ್ದೆಯನ್ನು ಹಾಗೇ ಮುಚ್ಚಿಟ್ಟ. ಮನುಷ್ಯ ಎಷ್ಟು ಕಡೆಯಿಂದ ಗಾಳಿ ಹಾಕಿಕೊಂಡರೇನು, ಒಳಗಿನ ಬೇಗೆ ಒಳಗೇ ಇರುತ್ತದೆ ಎಂದು ತನ್ನಜ್ಜಿ ಹೇಳುತ್ತಿದ್ದುದು ನೆನಪಾಗಿ ಕಣ್ಣು ತುಂಬಿದವು.

ಕರೆಂಟು ಬಂದಾಗ ಮೂರು ಗಂಟೆ ದಾಟಿತ್ತು. ಗಾಳಿ ಒಳಕ್ಕೆ ಊದಬೇಕೋ ಹೊರಕ್ಕೆ ಊದಬೇಕೋ ಎಂದು ಮೇಷ್ಟ್ರೂ ಲಕ್ಷ್ಮೀಕಾಂತನೂ ಬೀದಿಗಿಳಿದು ಜಗಳಕ್ಕೆ ಬಿದ್ದಿದ್ದರು. ಒಳಗೆ ರಂಗರಾಜು ಒಬ್ಬನೇ. ಬೇರೆ ದಾರಿ ಕಾಣದೆ, ಮುಚ್ಚಳ ಬಿಚ್ಚಿದ್ದ ಡಬ್ಬಿಯ ಮುಂದೆ ಅಡ್ಡಬಿದ್ದ. “ಸ್ವಾಮಿ ಬೀರದೇವ, ನೀನೇ ದಾರಿ ತೋರ್ಸು.”

ಹಣೆ ನೆಲಕ್ಕೆ ತಾಗಿಸಿ ತಲೆ ವಾರೆ ಮಾಡಿದಾಗ ದೇವರು ದಾರಿ ತೋರಿಸಿಯೇಬಿಟ್ಟ. ವೈರುಗಳ ಅಡಿಯಲ್ಲಿ, ಡಬ್ಬಿಯ ಗುಂಡಿಗೆಯ ಮೇಲೆ, ಹುಟ್ಟಿನಿಂದಲೇ ಇದ್ದ ಅಂಗೈಯಗಲದ ಪುಟ್ಟ ಫ್ಯಾನು ಮಾತ್ರ ತಿರುಗದೆ ನಿಂತಿತ್ತು. ಅರಿಶಿನದ ದಾರದ ತುದಿ ಸಡಿಲವಾಗಿ ಅದರ ರೆಕ್ಕೆಗಳಿಗೆ ಸುತ್ತಿ, ಕರುವಿನ ಕಾಲಿಗೆ ಹಗ್ಗ ಬಿಗಿದಂತೆ ಬಿಗಿದುಕೊಂಡಿತ್ತು.

ರಂಗರಾಜು ದಡಬಡ ಎದ್ದ. ಮೇನ್ ಸ್ವಿಚ್ಚು ಆರಿಸಿ, ತಪ್ಪಾಯ್ತು ತಪ್ಪಾಯ್ತು ಎನ್ನುತ್ತ ಸುತ್ತು ಸುತ್ತಾಗಿ ದಾರ ಬಿಚ್ಚಿ, ಕಣ್ಣಿಗೊತ್ತಿಕೊಂಡು ಮುಷ್ಟಿಯಲ್ಲಿ ಹಿಡಿದ. ಮತ್ತೆ ಶುರುಮಾಡಿದ. ಪುಟ್ಟ ಫ್ಯಾನು ಗಿರ್ರನೆ ತಿರುಗಿತು. ಎಪ್ಪತ್ತು, ಅರವತ್ತು, ಐವತ್ತು. ನಂಬಲಾಗದೆ ಹೊಸ ಫ್ಯಾನು ಮೂರರ ವೈರನ್ನೂ ಕಿತ್ತ, ಮೇಷ್ಟ್ರ ಫ್ಯಾನೂ ಆರಿಸಿದ. ಐವತ್ತು. ಎಲ್ಲವನ್ನೂ ಮತ್ತೆ ಹಾಕಿದ. ಆಗಲೂ ಐವತ್ತೇ.

ಪ್ರಿಂಟರು ಗೊರಗುಟ್ಟಿತು. ‘ಇವಳ ವಿವಾಹವನ್ನು’ ಬಂತು. ರಂಗರಾಜು ಉಸಿರು ಹಿಡಿದ. ಗುಬ್ಬಿಯ ಗಂಡು ಅಪ್ಪ ಅಮ್ಮನ ಸಮೇತ ಹೊರಗೆ ಬಂದ.

ಅಷ್ಟರಲ್ಲಿ ಮಾವ ಬಂದರು, ಹಿಂದೆಯೇ ಜಗಳ ಬಿಟ್ಟು ಮೇಷ್ಟ್ರೂ ಲಕ್ಷ್ಮೀಕಾಂತನೂ. ಮೊರೆಯುವ ಅಂಗಡಿ, ನಾಲ್ಕು ದಿಕ್ಕಿಗೂ ಗಾಳಿ. ಪತ್ರಿಕೆಯನ್ನು ತಿರುಗಿಸಿ ತಿರುಗಿಸಿ ನೋಡಿ ಕಣ್ಣಿಗೊತ್ತಿಕೊಂಡರು. “ಇದೇನ್ರಪ್ಪಾ ಈ ಪರಿ ಗಾಳಿ?”

ಇಡೀ ದಿನ ಫ್ಯಾನಿನ ಹಿರಿಮೆಗಾಗಿ ಕಿತ್ತಾಡಿದವರಿಗೆ ಆ ಕ್ಷಣ ನೆರೆಯವನ ಮಾನ ದೊಡ್ಡದಾಗಿ ಕಂಡಿತು.

“ಎಲ್ಲ ನಮ್ಮಣ್ಣನ ತಲೆ ಸಾರ್” ಎಂದ ಲಕ್ಷ್ಮೀಕಾಂತ್. “ಮೆಷೀನು ಕಾದು ಕೆಂಡ ಆಗಿತ್ತು. ಫ್ಯಾನ್ ಜೋಡ್ಸಿ ಮಂಜುಗಡ್ಡೆ ಮಾಡ್‌ಬುಟ್ಟ!”

“ನಿಮ್ಮಳಿಯ ಸಾಮಾನ್ಯನಲ್ಲ ಯಜಮಾನ್ರೇ” ಎಂದರು ಮೇಷ್ಟ್ರು.

ರಂಗರಾಜು ಗೆದ್ದ ನಗು ನಕ್ಕ. ಮಾವ ಹೊರಗೆ ಹೋಗಿ ಜಗಲಿಯ ಕಾಯಿನ್ ಬಾಕ್ಸ್ ಫೋನಿನಲ್ಲಿ ಗಟ್ಟಿಯಾಗಿ ಮಾತಾಡಿ ಬಂದು ಅವನ ಬೆನ್ನು ತಟ್ಟಿದರು. “ಡಬ್ಬಿ ಕುಟ್ಟೋರು ಅಂದ್ಕೊಂಡಿದ್ದೆ, ತಪ್ಪಾಯ್ತು. ಆ ಬಿಂದಿಗೆ ಕಾರ್ಖಾನೇಲಿ ಮೆಷೀನು ಕಾದು ಕಾದು ನಿಲ್ತಾ ಅವೆಯಂತೆ. ಇಂಥ ವಿದ್ಯೆ ಇರೋರ್ನೇ ಹುಡುಕ್ತಾ ಅವ್ರೆ. ಮಾತು ಕೊಟ್‌ಬುಟ್ಟೆ. ಸೋಮವಾರದಿಂದ ಹೋಗಿ.”

ರಂಗರಾಜುವಿನ ನಗು ಮುಖದ ಮೇಲೆಯೇ ಒಣಗಿತು. “ಮಾವ... ತಣ್ಣಗಾಗಿದ್ದು ಫ್ಯಾನಿಂದ ಅಲ್ಲ.”

“ಮತ್ತೆ ಯಾವ್ದರಿಂದ?”

ಎಲ್ಲರೂ ಅವನ ಬಾಯಿ ನೋಡಿದರು. ಮುಷ್ಟಿಯೊಳಗಿನ ದಾರ ಬೆವರಿಗೆ ನೆನೆದಿತ್ತು. ದೇವರ ರಕ್ಷೆಯೇ ಕತ್ತು ಹಿಸುಕಿತ್ತು ಎಂದು ಯಾವ ನಾಲಿಗೆಯಿಂದ ಹೇಳುವುದು?

“ಆ... ಬೀರದೇವರ ದಯೆಯಿಂದ” ಎಂದ.

ಮಾವನ ಕಣ್ಣು ಹನಿಗೂಡಿತು. “ನಂಗೊತ್ತಿತ್ತು!” ಎಂದು ಹೆಗಲ ಚೀಲಕ್ಕೆ ಕೈ ಹಾಕಿ, ನೆಂಟರಿಗೆ ಹಂಚಲು ತಂದಿದ್ದ ಅರಿಶಿನದ ದಾರದ ಇಡೀ ಕಟ್ಟನ್ನು ಅವನ ಕೈಗೆ ಹಾಕಿದರು.

“ಕಾರ್ಖಾನೇಲಿ ಒಂದು ಮೆಷೀನೂ ಬುಡಬೇಡಿ. ಒಳಗೇ ಕಟ್ಟಿ ಅಳಿಯಂದ್ರೇ, ಗುಂಡಿಗೆ ಹತ್ರ.”