ಮಾವನ ಎರಡು ನಿಮಿಷದ ಬೊಂಡಾಸ್

ನಮ್ಮ ಮಾವ ಅಡುಗೆಮನೆಗೆ ಕಾಲಿಟ್ಟರೆ ಗ್ಯಾಸ್ ಒಲೆಯೂ ಅಟೆನ್ಷನ್‌ನಲ್ಲಿ ನಿಲ್ಲುತ್ತದೆ! ನಂಬಿಕೆ ಬರಲಿಲ್ಲವೇ? ಹೊನ್ನಾಳಿಗೆ ಬಂದು ನೋಡಿ. ಅವರು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ಅವರು ರಿಟೈರಾದರು, ಕೊರಳಿನ ಸೀಟಿ ಆಗಲಿಲ್ಲ. ಹಾಲು ಉಕ್ಕಿದರೆ ಒಂದು ಸೀಟಿ, ಅತ್ತೆ ಉಪ್ಪು ಮರೆತರೆ ಎರಡು. ಬೀದಿನಾಯಿಗಳೂ ನಮ್ಮ ಗೇಟಿನ ಮುಂದೆ ಸಾಲಾಗಿ ಹೋಗುತ್ತವೆ!

ನಾನು ಕರಾವಳಿಯಿಂದ ಈ ಮನೆಗೆ ಬಂದ ಸೊಸೆ. ಹೋದ ವರ್ಷ ನನ್ನಮ್ಮ ತೀರಿಕೊಂಡರು. ಕಾರ್ಯ ಮುಗಿಸಿ ಹೊನ್ನಾಳಿಗೆ ಮರಳಿದ ಮೇಲೆ ಗಂಟಲಲ್ಲಿ ಅನ್ನ ಇಳಿಯದಾಯಿತು. ಹದಿನೈದು ದಿನ ನೋಡಿದ ಮಾವ ಒಮ್ಮೆ ಬಾಗಿಲಲ್ಲಿ ನಿಂತು ಕೇಳಿದರು:

"ನಿಮ್ಮವ್ವ ಮಾಡ್ತಿದ್ದದ್ರಾಗೆ ನಿನಗೆ ಯಾವುದು ಭಾಳ ಇಷ್ಟವ್ವ?"

"ಬೊಂಡಾಸ್."

"ಬೋಂಡಾನಾ? ಇಷ್ಟೇನಾ! ಬಸ್‌ಸ್ಟ್ಯಾಂಡಿನಾಗೆ ಬಿಸಿಬಿಸಿ ಸಿಗ್ತಾವೆ!"

ಬೋಂಡ ಅಲ್ಲ ಮಾವ, ಕಡಲಿನದು, ಸ್ಕ್ವಿಡ್ ಅಂತಾರೆ, ಮುಖದ ಸುತ್ತ ಹತ್ತು ಕೈ ಇರುತ್ತವೆ ಎಂದು ವಿವರಿಸಿದೆ.

"ಹತ್ತು ಕೈನಾ? ಕವಾಯತು ಮಾಡಿಸಾಕೆ ಕಷ್ಟ ಐತೆ!" ಎಂದವರೇ ಚಪ್ಪಲಿ ಮೆಟ್ಟಿಕೊಂಡರು.

ಶಿವಮೊಗ್ಗಕ್ಕೆ ಹೋಗಿ, ಐಸ್ ತುಂಬಿದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದರು. ನನಗೆ ಅಡುಗೆಮನೆಗೆ ಪ್ರವೇಶವಿಲ್ಲ. ತಾವೇ ತೊಳೆದು, ಹೆಚ್ಚಿ, ಕಾಲು ಗಂಟೆ ಹುರಿದರು. ಮೊದಲ ತುಂಡು ಅತ್ತೆಗೆ. ಅತ್ತೆ ಜಗಿದರು, ಜಗಿದರು, ಟಿವಿಯಲ್ಲಿ ಸೀರಿಯಲ್ಲು ಮುಗಿಯುವವರೆಗೆ ಜಗಿದರು.

"ರೀ, ಇದನ್ನ ನಿಮ್ಮ ಸೈಕಲ್ಲಿಗೆ ಪ್ಯಾಚ್ ಹಾಕಿಸ್ರಿ!"

ಮುಂದಿನ ವಾರ ಒನಕೆಯಲ್ಲಿ ಜಜ್ಜಿ ಹುರಿದರು. ರಬ್ಬರು ಚಪ್ಪಟೆಯಾಯಿತು, ಅಷ್ಟೇ.

ಮೂರನೇ ವಾರ ಸೋಲೊಪ್ಪಿ ನನ್ನ ಚಿಕ್ಕಮ್ಮನಿಗೆ ಫೋನ್ ಮಾಡಿದರು. ಆಕೆ ನಕ್ಕೂ ನಕ್ಕೂ ಹೇಳಿದರು: "ಬೀಗರೇ, ದೊಡ್ಡ ಉರಿಯಲ್ಲಿ ಎರಡೇ ನಿಮಿಷ. ಅದು ದಾಟಿತೋ, ಮುಕ್ಕಾಲು ಗಂಟೆ ಸಣ್ಣ ಉರಿಯಲ್ಲಿ ಬೇಯಿಸಬೇಕು. ನಡುವೆ ಇಳಿಸಿದರೆ ರಬ್ಬರೇ!"

"ಎರಡು ನಿಮಿಷ ಅಂತ ಮೊದ್ಲೇ ಹೇಳಬಾರ್ದೇನ್ರಿ? ಅದು ನನ್ನ ಸಬ್ಜೆಕ್ಟು!"

ಕಪಾಟಿನಿಂದ ಸ್ಟಾಪ್‌ವಾಚ್ ಹೊರಬಂತು. ಮಸಾಲೆ ಮೊದಲೇ ಹುರಿದಿಟ್ಟಾಯಿತು. ಬಳೆಬಳೆಯಾಗಿ ಹೆಚ್ಚಿದ ಬೊಂಡಾಸನ್ನು ಬಟ್ಟೆಯಲ್ಲಿ ಒತ್ತಿ ನೀರು ತೆಗೆದಾಯಿತು. ಬಾಣಲೆ ಕಾದು ಹೊಗೆಯೆದ್ದಿತು. ಸೀಟಿ! ಅತ್ತೆ ಸುರಿದರು, ಮಾವ ಮಗುಚಿದರು. ಮತ್ತೆ ಸೀಟಿ! ಬಾಣಲೆ ಕೆಳಗಿಳಿಯಿತು. ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ, "ಕುಕ್ಕರ್ ಕೆಟ್ಟೈತೇನ್ರೀ?" ಎಂದು ಕೂಗಿದರು.

ನಾನು ಒಂದು ತುಂಡು ಬಾಯಿಗಿಟ್ಟೆ. ಬೆಣ್ಣೆಯಂತೆ ಮೆತ್ತಗಿತ್ತು. ಇನ್ನೊಂದು ತಿಂದೆ. ಆಮೇಲೆ ಕಣ್ಣೀರು ನಿಲ್ಲಲಿಲ್ಲ.

"ಖಾರ ಆತೇನವ್ವ?"

"ಹೂಂ ಮಾವ," ಎಂದು ಸುಳ್ಳು ಹೇಳಿದೆ. "ನೀವೂ ಕೂತ್ಕೊಳ್ಳಿ, ಬಡಿಸ್ತೀನಿ."

ಮಾವ ಎರಡು ಹೆಜ್ಜೆ ಹಿಂದೆ ಸರಿದರು. "ನನಗೆ ಬ್ಯಾಡ, ನೀನು ತಿನ್ನು."

ಅತ್ತೆ ನನ್ನ ಕಿವಿಯ ಹತ್ತಿರ ಬಗ್ಗಿದರು. "ಅದರ ಕಣ್ಣು ಕಂಡ್ರೆ ಅವ್ರಿಗೆ ಹೆದರಿಕೆ ಕಣವ್ವ. ಮೂರು ಸಲಾನೂ ಕಣ್ಣು ಮುಚ್ಕೊಂಡೇ ತೊಳೆದ್ರು. ನನಗೂ ತೊಳೆಯಾಕೆ ಬಿಡ್ಲಿಲ್ಲ."

ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಥ್ಯಾಂಕ್ಸ್ ಹೇಳುವುದಿಲ್ಲ. ನಾನು ತಟ್ಟೆ ಮುಂದೆ ಚಾಚಿದೆ.

"ಇನ್ನೊಂಚೂರು ಹಾಕಿ, ಅಪ್ಪ."