ಭಾವನ ಸೊಂಟವೂ ಬಾರದ ಕಾನೂನೂ

ಬಂದ ಕಾನೂನಿಗೆ ಯಾರು ಬೇಕಾದರೂ ಹೆದರುತ್ತಾರೆ, ಅದರಲ್ಲೇನು ಹೆಚ್ಚುಗಾರಿಕೆ? ನಮ್ಮ ಭಾವ ಇನ್ನೂ ಬಾರದ ಕಾನೂನಿಗೇ ಹೆದರುತ್ತಾರೆ! ಅಲ್ಲಿ ಶಾಸನಸಭೆಯಲ್ಲಿ ಯಾರೋ ಬಾಯಿ ತೆರೆದರೆ ಸಾಕು, ಇಲ್ಲಿ ಸೆಂಟರ್‌ವಿಲ್‌ನಲ್ಲಿ ಇವರು ಪಾಲಿಸಲು ಶುರು.

ಭಾವ ಎಂದರೆ ನನ್ನ ಅಕ್ಕನ ಗಂಡ. ಈ ಪರದೇಶದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದಾರೆ. ಪಕ್ಕದ ಸಸ್ಯಾಹಾರಿ ಹೋಟೆಲಿನಲ್ಲಿ ನಾನು ಅಡುಗೆಯವನು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನಾದರೂ ನನ್ನ ನೀರುದೋಸೆಗೆ ಪಿಎಚ್‌ಡಿ ಮಾಡಿದವರು ಸಾಲು ನಿಲ್ಲುತ್ತಾರೆ. ಇರಲಿ. ಎರಡು ವರ್ಷದ ಹಿಂದೆ ಮಟಮಟ ಮಧ್ಯಾಹ್ನ ಒಬ್ಬ ಅಂಗಡಿಗೆ ನುಗ್ಗಿ, ಭಾವನ ಹಣೆಗೆ ಪಿಸ್ತೂಲು ಹಿಡಿದು, ಗಲ್ಲಾ ಬಳಿದುಕೊಂಡು ಹೋದ. ಭಾವ ಕೂಡಲೇ ತರಬೇತಿ ಮುಗಿಸಿ, ಪರ್ಮಿಟ್ ಮಾಡಿಸಿ, ತಾವೂ ಒಂದು ಕೊಂಡರು. ಅಂದಿನಿಂದ ಅದು ಸೊಂಟದಲ್ಲಿಲ್ಲದೆ ಕಸ ಹಾಕಲಿಕ್ಕೂ ಹೊರಗೆ ಕಾಲಿಡುವವರಲ್ಲ. ಉಡಿದಾರ ಬಿಟ್ಟಾರು, ಅದನ್ನು ಬಿಡರು!

ಈ ಚಳಿಗಾಲ ಮಸೂದೆಯೊಂದು ಬಂತಂತೆ: ಸಾರ್ವಜನಿಕ ಜಾಗಗಳಿಗೆ ಪಿಸ್ತೂಲು ಒಯ್ಯುವಂತಿಲ್ಲ. ಯಾವ ಜಾಗ? ಅಲ್ಲೇ ಇರುವುದು ಗೊಂದಲ! ಒಂದು ವಾಟ್ಸಾಪ್ ಗುಂಪು ಪಾರ್ಕ್ ಎಂದಿತು, ಇನ್ನೊಂದು ಆಸ್ಪತ್ರೆ ಎಂದಿತು, ಮೂರನೆಯದು ಬಿಯರ್ ಮಾರುವ ಜಾಗ ಎಂದಿತು. ನನ್ನ ತಲೆಯೂ ಗಿರ್ರೆಂದಿತು.

“ಅದು ಇನ್ನೂ ಪಾಸ್ ಆಗ್ಲಿಲ್ಲ ಭಾವ. ಕಮಿಟಿಯಲ್ಲಿ ಉಂಟು.”

“ಕಮಿಟಿ ಅಂದ್ರೆ ಎಂತ?”

ನನಗೇನು ಗೊತ್ತು? “ರುಬ್ಬುವ ಕಲ್ಲಿದ್ದ ಹಾಗೆ. ತಿರುಗ್ತಾ ಇರ್ತದೆ.”

“ದೋಸೆ ಯಾವಾಗ ಹಾಗಾದ್ರೆ?”

“ಗವರ್ನರ್ ಸೈನ್ ಮಾಡಿದ ಮೇಲೆ.”

“ಮಾಡದಿದ್ರೆ?”

“ಹಿಟ್ಟು ಹುಳಿ ಬರ್ತದೆ!”

ಭಾವನಿಗೆ ಸಮಾಧಾನವಾಗಲಿಲ್ಲ. ಅಂದಿನಿಂದ ಎಲ್ಲಿ ಹೋದರೂ ಬಾಗಿಲಲ್ಲೇ ನಿಂತು ಒಂದೇ ಪ್ರಶ್ನೆ: “ಇಲ್ಲಿ ಬಿಯರ್ ಉಂಟಾ?” ಉಂಟು ಎಂದರೆ ಅಲ್ಲಿಂದಲೇ ವಾಪಸು. ಯಾಕೆಂದು ಹೇಳುವವರಲ್ಲ. ಸೊಂಟದಲ್ಲಿರುವುದನ್ನು ಊರಿಗೆಲ್ಲ ಹೇಳಲಿಕ್ಕಾಗುತ್ತದೆಯೇ? ಯಾರದೋ ಮನೆಯ ನಾಮಕರಣಕ್ಕೂ ಹೋಗಿ ಅದನ್ನೇ ಕೇಳಿದರು. ಮಗುವಿನ ತಂದೆ ಬೆಂಗಳೂರಿನವನು, ಉದಾರಿ.

“ಬೆಳಿಗ್ಗೆ ಹತ್ತು ಗಂಟೆಗೇನಾ ಅಂಕಲ್? ಪೂಜೆ ಮುಗೀಲಿ, ಗರಾಜ್‌ನಲ್ಲಿ ಅಡ್ಜಸ್ಟ್ ಮಾಡೋಣ!”

ಭಾವ ಅಲ್ಲಿಂದ ಓಟ. ವಾರ ಕಳೆಯುವುದರೊಳಗೆ ಯಾರೋ ಹಿತೈಷಿಗಳು ಅಕ್ಕನಿಗೆ ಕುಡಿತ ಬಿಡಿಸುವವರ ಫೋನ್ ನಂಬರು ಕಳಿಸಿದರು. “ಸೋಮವಾರ ಒಪ್ಪತ್ತು ಮಾಡುವ ಮನುಷ್ಯ ಇವರು! ನನ್ನ ಮರ್ಯಾದೆ ಹೋಯ್ತು!” ಎಂದು ಅಕ್ಕ ಹಣೆ ಚಚ್ಚಿಕೊಂಡಳು.

ಇನ್ನು ನದಿಯಾಚೆಯ ಲ್ಯಾನ್‌ಹ್ಯಾಮ್ ದೇವಸ್ಥಾನದ ಕತೆ. ನದಿಯ ಈಚೆ ಭಾವನ ಪರ್ಮಿಟ್ ನಡೆಯುತ್ತದೆ. ಆಚೆ ಬೇರೆ ರಾಜ್ಯ, ಮೇರಿಲ್ಯಾಂಡ್, ಅಲ್ಲಿ ನಡೆಯದು. ಒಂದೇ ನೀರು, ಎರಡು ದಡಕ್ಕೆ ಎರಡು ನ್ಯಾಯ! ಸೇತುವೆಗೆ ಮುಂಚಿನ ಕೊನೆಯ ಎಕ್ಸಿಟ್‌ನಲ್ಲಿ ಭಾವನಿಗೆ ಸೊಂಟ ನೆನಪಾಗಿ ಕಾರು ತಿರುಗಿಸಿಯೇ ಬಿಟ್ಟರು. ಅಭಿಷೇಕ ತಪ್ಪಿತು.

“ದೇವರನ್ನು ನೋಡ್ಲಿಕ್ಕೂ ಅದು ಬೇಕಾ ನಿಮಗೆ?” ಎಂದಳು ರೇಷ್ಮೆ ಸೀರೆಯ ಅಕ್ಕ.

“ದೇವರು ಒಳಗೆ ಇರೋದು ಮಾರಾಯ್ತಿ. ಪಾರ್ಕಿಂಗ್ ಲಾಟ್‌ನಲ್ಲಿ ಯಾರುಂಟು?”

ಹಿಂದಿನ ಸೀಟಿನಲ್ಲಿ ನಾನು ಬಿದ್ದು ಬಿದ್ದು ನಕ್ಕೆ. ನಗಬಾರದಿತ್ತು.

ಮೊನ್ನೆ ಮಂಗಳವಾರ, ಕಾನೂನು ಬರುವ ಮೊದಲೇ ಅಭ್ಯಾಸವಾಗಲಿ ಎಂದು ಭಾವ ಪಿಸ್ತೂಲನ್ನು ಮನೆಯಲ್ಲೇ ಬೀಗ ಹಾಕಿಟ್ಟು ಬಂದರಂತೆ. ಹತ್ತು ಗಂಟೆಗೆ ನನಗೆ ಫೋನು.

“ಸ್ವಲ್ಪ ಹೊರಗೆ ಬಾ.”

“ಭಾವ, ಕೆಲಸದ ಹೊತ್ತು!”

“ಬಾ ಮಾರಾಯ.”

ಅಂಗಡಿಯೆದುರು ಕಾರು ನಿಂತಿತ್ತು. ಭಾವ ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಕೂತಿದ್ದರು. ಆ ಚಳಿಯಲ್ಲೂ ಅಂಗಿಯ ಕಾಲರು ಬೆವರಿನಿಂದ ಒದ್ದೆ.

“ಒಂಬತ್ತಕ್ಕೇ ಬಂದಿದ್ದೇನೆ,” ಎಂದರು. “ಇಳಿಲಿಕ್ಕೆ ಆಗ್ತಾ ಇಲ್ಲ.”

ಕಾರಿನಿಂದ ಅಂಗಡಿ ಬಾಗಿಲಿಗೆ ಹೆಚ್ಚೆಂದರೆ ಮೂವತ್ತು ಹೆಜ್ಜೆ. ಎರಡು ವರ್ಷ ನಾನು ಈ ಮನುಷ್ಯನಿಗೆ ಧಿಮಾಕು ಎಂದುಕೊಂಡಿದ್ದೆ.

ಕಾರಿನ ಬಾಗಿಲು ತೆರೆದು ಕೈ ಚಾಚಿದೆ. ಹಿಡಿದರು, ಬೆರಳು ನೋಯುವಷ್ಟು ಗಟ್ಟಿಯಾಗಿ. ಸಣ್ಣ ಮಕ್ಕಳ ಹಾಗೆ ಕೈಕೈ ಹಿಡಿದು ನಡೆದೆವು. ಬೀಗ ತೆಗೆಯುತ್ತಾ, ನನ್ನ ಮುಖ ನೋಡದೆ, “ನಾಳೆ?” ಎಂದರು.

“ನಾಳೆಯೂ ಬರ್ತೇನೆ ಭಾವ. ಬಂದ ಕೂಡ್ಲೇ ಫೋನ್ ಮಾಡಿ. ಒಬ್ಬರೇ ಕೂತ್ಕೊಳ್ಬೇಡಿ.”