ಕಾರ್ಬೊರೇಟರಿಗೆ ಹಚ್ಚಿದ ವಿಭೂತಿ

ಇನ್ನು ಮೇಲೆ ನನ್ನ ಮೋಟಾರುಬೈಕನ್ನು ನಾನಲ್ಲದೆ ಪರಬ್ರಹ್ಮನೂ ಮುಟ್ಟಕೂಡದು ಎಂದು ಎಪ್ಪತ್ತಾರನೇ ಇಸವಿಯ ಒಂದು ಶನಿವಾರ ಬಳ್ಳಾರಿಯ ನಮ್ಮ ಪಡಸಾಲೆಯಲ್ಲಿ ನಿಂತು ಘೋಷಿಸಿದೆ! ಕುರುಗೋಡಿನ ಮೆಕ್ಯಾನಿಕ್ ಖಾದರಸಾಬ್ "ಬ್ಯಾರೆ ಗಾಡೀ ಕಾರ್ಬೊರೇಟರು ಇದಕ್ಕ ಕೂಡಂಗಿಲ್ರಿ" ಎಂದದ್ದೇ ಈ ಶಪಥಕ್ಕೆ ಕಾರಣ. ಕೂಡದೆ ಏನು ಮಾಡೀತು? ನಾನು ಗುಜರಿಯಿಂದ ತಂದದ್ದರ ಬಾಯಿ ಚಿಕ್ಕದು, ಅದನ್ನು ಎಂಜಿನ್ನಿಗೆ ಸೇರಿಸುವ ರಬ್ಬರ್ ಕೊಳವೆ ದೊಡ್ಡದು. ನಡುವೆ ಸೈಕಲ್ ಟ್ಯೂಬು ಸುತ್ತಿ ತಂತಿ ಬಿಗಿದೆ. ಅದಕ್ಕೂ ಮೊದಲು ಬಿಡಿಭಾಗಗಳನ್ನೆಲ್ಲ ಹರಿವಾಣದಲ್ಲಿಟ್ಟು, ಒಂದೊಂದಕ್ಕೂ ವಿಭೂತಿ ಕಲಸಿ ಬಳಿದು ಪೂಜೆ ಮಾಡಿದ್ದೆ. ಹೊಸ ಸಾಮಾನನ್ನು ಬರಿ ಹಣೆಯಲ್ಲಿ ಕೆಲಸಕ್ಕೆ ಹಚ್ಚುವುದು ನಮ್ಮ ಮನೆತನದಲ್ಲಿಲ್ಲ.

ಆ ತಂತಿ ಬಿಗಿಯುವಷ್ಟರಲ್ಲಿ ಇನ್ನೊಂದು ತಂತಿ ಬಂತು. ಸಿರುಗುಪ್ಪದಲ್ಲಿ ಮಾವ ಉಜ್ಜಿನಪ್ಪನವರಿಗೆ ಕಾಯಿಲೆ ಬಹಳ ಜೋರಾಗಿದೆ, ಇಬ್ಬರೂ ಕೂಡಲೇ ಹೊರಡಿ.

ಹೆಂಡತಿ ವೀರಭದ್ರಮ್ಮ ಕಣ್ಣೊರೆಸಿಕೊಂಡಳು. "ಹತ್ತರ ಬಸ್ಸಿಗೆ ಹೋಗಾಣ್ರಿ."

"ಬಸ್ಸು ಹಳ್ಳಿಹಳ್ಳಿಗೂ ನಿಲ್ಲತೈತಿ. ನಂದು ವಿಮಾನ."

"ಹೋದ ತಿಂಗಳು ಆ ವಿಮಾನ ನಾನಾ ದಬ್ಬಿದ್ದೆ."

ಮಾತು ಮುಗಿಯುವಷ್ಟರಲ್ಲಿ ಬಸ್ಸೂ ಹೋಗಿತ್ತು. ನನಗೂ ಮಾವ ಅಂದರೆ ಪ್ರಾಣ. ತಂದೆಯಿಲ್ಲದ ನನ್ನನ್ನು ಮಗನ ಹಾಗೆ ನೋಡಿಕೊಂಡವರು. ಆದರೂ ನನ್ನ ಹಾಳುಬುದ್ಧಿ ನೋಡಿ, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು, ನೇರ ದಾರಿ ಬಿಟ್ಟು ಕುರುಗೋಡಿನ ಮೇಲೆ ಹೊರಟೆ. ಖಾದರಸಾಬನಿಗೆ ಗಾಡಿ ತೋರಿಸಬೇಕಿತ್ತಲ್ಲ.

ತೋರಿಸಿದೆ. ಅವನ ಅಂಗಡಿಯ ಮುಂದೆಯೇ ಎಂಜಿನ್ ನಾಲ್ಕು ಸಲ ಕೆಮ್ಮಿ ನಿಂತುಬಿಟ್ಟಿತು.

ಶಪಥದಂತೆ ಕಾರ್ಬೊರೇಟರನ್ನು ನಾನೇ ಬಿಚ್ಚಿ ಕೊಟ್ಟೆ; ಅವನು ಪೆಟ್ರೋಲು ಹಾಯುವ ಸಣ್ಣ ತೂತನ್ನು ಬೆಳಕಿಗೆ ಹಿಡಿದ. "ಒಳಗೆಲ್ಲಾ ವಿಭೂತಿ ಕೂತೈತ್ರಿ. ಟ್ಯೂಬೂ ಹರದೈತಿ."

"ಪೂಜಿ ಮಾಡಿದ್ದು ತಪ್ಪೇನು?"

"ತಪ್ಪಲ್ರಿ. ನಾವೂ ಲೋಬಾನದ ಹೊಗಿ ಹಾಕತೀವಿ. ಟ್ಯಾಂಕಿನೊಳಗ ಹಾಕಂಗಿಲ್ಲ."

ವೀರಭದ್ರಮ್ಮ ಸಿರುಗುಪ್ಪದ ಅಕ್ಕಿ ಗಿರಣಿಗೆ ಹೊರಟಿದ್ದ ಲಾರಿಗೆ ಕೈ ಅಡ್ಡ ಹಿಡಿದು ಹತ್ತಿ ಕೂತಳು. "ನೀವೂ ಬರ್ರಿ, ಸುಮ್ನ ಹತ್ತರಿ" ಎಂದಳು. ಖಾದರಸಾಬನೂ "ಹೋಗ್ರಿ, ನಾ ಮಾಡಿ ಇಟ್ಟಿರತೀನಿ" ಎಂದ. ಶಪಥ ಮಾಡಿದ ಗಂಡಸು ಹೇಗೆ ಹತ್ತಬೇಕು? ಈಗಲೇ ನಾನೇ ಕೂಡಿಸಿಕೊಂಡು ಲಾರಿಯನ್ನು ಹಿಂದೆ ಹಾಕುತ್ತೇನೆ ಎಂದು ಅವಳನ್ನು ಕಳಿಸಿಕೊಟ್ಟೆ. ಕೂಡಿಸುವುದಕ್ಕೆ ಮೂರು ತಾಸು ಹಿಡಿಯಿತು.

ನಾನು ಹೋಗುವಷ್ಟರಲ್ಲಿ ಮಾವನವರನ್ನು ಗೋಡೆಗೆ ಒರಗಿಸಿ ಕೂರಿಸಿ ಹಾರ ಹಾಕಿದ್ದರು. ಭಜನೆ ನಡೆದಿತ್ತು. ಪಾದ ಹಿಡಿದು ಗಳಗಳ ಅತ್ತೆ. ಇನ್ನೊಮ್ಮೆ ಅವರ ಮಾತು ಕೇಳುವ ಭಾಗ್ಯವನ್ನು ನಾನೇ ಕಳೆದುಕೊಂಡಿದ್ದೆ.

"ನೀ ಬಂದಾಗ ಜೀವ ಇತ್ತೇನು?" ಎಂದು ಹೆಂಡತಿಯನ್ನು ಕೇಳಿದೆ.

"ಇತ್ತು. ನನ್ನ ಕೈಲೆ ನೀರು ಕುಡದ್ರು. ‘ಅಳಿಯಾ ಎಲ್ಲಿ, ಮಾರಿ ನೋಡಿ ಹೋಗತೀನಿ’ ಅಂದ್ರು. ಗಾಡಿ ರಿಪೇರಿ ಆಗಾಕತ್ತೈತಿ, ಬರತಾರ ಅಂದೆ."

"ಅದಕ್ಕೇನಂದ್ರು?"

"‘ತಾನಾ ಮಾಡಾಕತ್ತಾನೇನು?’ ಅಂತ ಕೇಳಿದ್ರು. ಹೂಂ ಅಂದೆ. ‘ಹಂಗಾರ ನಾ ಹೊಂಟೆ’ ಅಂತ ಕಣ್ಣು ಮುಚ್ಚಿದ್ರು."